ಬಾಯಿ ತೆರೆದ ಹುಕ್ಕು

"ಹೂಂ..."

ಕರಿಷ್ಮಾಳ ಬಾಯಲ್ಲಿದ್ದ ಬ್ರಶ್ ಅಲ್ಲೇ ನಿಂತಿತು. ಪೇಸ್ಟಿನ ನೊರೆ ಗದ್ದದ ಮೇಲೆ ಇಳಿಯಿತು.

"ಹೂಂ... ಹೂಂ..."

ಹಿತ್ತಲಿನಲ್ಲಿ ಮಂಜು ದಟ್ಟವಾಗಿತ್ತು. ಹಲಸಿನ ಮರದ ಬುಡ ಕಾಣುತ್ತಿತ್ತು, ಕೊಂಬೆಗಳು ಕಾಣುತ್ತಿರಲಿಲ್ಲ. ಮರದ ಕೆಳಗೆ ನಿಂತ ಟ್ರ್ಯಾಕ್ಟರಿನ ಎರಡು ದೊಡ್ಡ ಗಾಲಿಗಳು ಮಾತ್ರ ಕಪ್ಪಗೆ ಕಂಡವು. ದನಿ ಆ ಗಾಲಿಗಳ ನಡುವಿನಿಂದಲೇ ಬರುತ್ತಿತ್ತು.

ಬೇಲಿಯ ಆಚೆ ಪಕ್ಕದ ಮನೆಯ ಮುಸ್ಕಾನ ಶಾಲೆಯ ಬ್ಯಾಗು ಹಾಕಿಕೊಂಡು ಕಾಯುತ್ತಿದ್ದಳು. ಇಬ್ಬರೂ ಐದನೇ ಕ್ಲಾಸು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಂಡವರು ಜೋರಾಗಿ ಮಾತಾಡುತ್ತಾರಲ್ಲ, ಹಾಗೆಯೇ ಕೂಗಿದಳು.

"ಇವತ್ತೂ ಮೂರು ಸಲ! ಎಣಿಸಿದೇನ?"

"ಸಾವಕಾಶ ಮಾತಾಡ. ಅಜ್ಜಿ ಕೇಳ್ತಾಳ."

"ನಿಮ್ಮ ಅಜ್ಜಾರೂ ಹಿಂಗ ಹೂಂ ಅಂತಿದ್ರಲ್ಲ? ಟ್ರ್ಯಾಕ್ಟರ್ ಒರಸ್ಕೋತ?"

ಅನ್ನುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಇನಾಸಜ್ಜ ಟ್ರ್ಯಾಕ್ಟರ್ ಒರೆಸುವಾಗ ಯಾರ ಜೊತೆಗೋ ಮಾತಾಡುವವರ ಹಾಗೆ ಹೂಂ, ಹೂಂ ಅನ್ನುತ್ತಲೇ ಇರುತ್ತಿದ್ದರು. ಜುಲೈ ತಿಂಗಳ ಮಳೆಯಲ್ಲಿ ಅಜ್ಜ ತೀರಿಕೊಂಡರು. ಅಂದಿನಿಂದ ಟ್ರ್ಯಾಕ್ಟರ್ ತಾಡಪಾಲು ಹೊದ್ದುಕೊಂಡು ಮರದ ಕೆಳಗೇ ನಿಂತಿತ್ತು. ಈಗ ಮಳೆ ಮುಗಿದು ಭತ್ತದ ಕೊಯ್ಲು ಬಂತೆಂದು ಪಪ್ಪ ತಾಡಪಾಲು ತೆಗೆದ. ಮರುದಿನ ಬೆಳಿಗ್ಗೆಯೇ ಈ ದನಿ ಶುರುವಾಯಿತು. ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ. ಇಂದಿಗೆ ನಾಲ್ಕು ದಿನ.

ಪಪ್ಪ ಪೆದ್ರು ಧೈರ್ಯದ ಮನುಷ್ಯ. ಒಮ್ಮೆ ಕಾಡಿನಲ್ಲಿ ಎದುರಿಗೇ ಕರಡಿ ನೋಡಿ, ಮನೆಗೆ ಬಂದು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದ. "ಗಾಳಿ ಇರಬೇಕು ಬಿಡ್ರಿ" ಎಂದು ಅವನೇ ಹೇಳಿದ್ದು. ಆದರೆ ಹೇಳುವಾಗ ಅಡುಗೆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಅಜ್ಜಿ ಮಾಗ್ದಲೀನಾ ಮಾತ್ರ ಹೆದರಲಿಲ್ಲ. ಮೊದಲ ದಿನ ಟ್ರ್ಯಾಕ್ಟರಿನ ಹಿಂದೆ ಒಂದು ಲೋಟ ಕರಿ ಚಹಾ ಇಟ್ಟಳು. ಎರಡನೇ ದಿನ ಒಣಮೀನಿನ ಸಾರು ಮತ್ತು ಒಂದು ಬೀಡಿ. ಮೂರನೇ ದಿನ ಅಜ್ಜ ಬಾರಿಸುತ್ತಿದ್ದ ದಮಾಮಿ ಡೋಲನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ತಂದಿಟ್ಟಳು. ಚಹಾ ಇರುವೆಗೆ ಹೋಯಿತು, ಮೀನು ಬೆಕ್ಕಿಗೆ ಹೋಯಿತು. ದನಿ ನಿಲ್ಲಲಿಲ್ಲ.

"ಅಂವಗ ಏನೋ ಬೇಕಾಗೇತಿ," ಎಂದು ಅಜ್ಜಿ ಮೊದಲ ದಿನವೇ ಅಂದಿದ್ದಳು. "ಏನಂತ ನನಗ ತಿಳೀವಲ್ದು. ಅಂವ ಕೇಳಿದ್ದು ಕೊಡೂತನಕ ನನಗೂ ಊಟ ಬ್ಯಾಡ."

ಅಜ್ಜಿ ಹೇಳಿದಂತೆಯೇ ಮಾಡಿದಳು. ಅವ್ವ ಗಂಜಿ ಮಾಡಿ ಕೊಟ್ಟರೂ ತಟ್ಟೆ ದೂಡಿದಳು. ಪಪ್ಪ ಕೈ ಮುಗಿದ. ಅಜ್ಜಿ ಟ್ರ್ಯಾಕ್ಟರನ್ನು ಮುಟ್ಟಲೂ ಬಿಡಲಿಲ್ಲ. ಕೊಯ್ದ ಭತ್ತ ಗದ್ದೆಯಲ್ಲೇ ಬಿದ್ದಿತ್ತು. ನಿನ್ನೆ ನೀರಿನ ಕೊಡ ಎತ್ತುವಾಗ ಅಜ್ಜಿ ಗೋಡೆ ಹಿಡಿದುಕೊಂಡು ಕುಳಿತುಬಿಟ್ಟಿದ್ದಳು. ಕರಿಷ್ಮಾ ಅದನ್ನು ನೋಡಿದ್ದಳು. ಹೀಗೇ ಆದರೆ ಅಜ್ಜಿಯೂ ಅಜ್ಜನ ಹಿಂದೆ ಹೋಗಿಬಿಡುತ್ತಾಳೆ ಎಂದು ಅವಳಿಗೆ ಅನಿಸಿತ್ತು.

ಇನ್ನೂ ಒಂದು ವಿಷಯವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಜ್ಜನಿಗೆ ಏನು ಬೇಕು ಎಂದು ಕರಿಷ್ಮಾಗೆ ಗೊತ್ತಿತ್ತು. ಅದು ಅವಳ ಶಾಲೆಯ ಬ್ಯಾಗಿನ ತಳದಲ್ಲಿ, ಡ್ರಾಯಿಂಗ್ ಬುಕ್ಕಿನ ಕೆಳಗೆ ಇತ್ತು.

ಅದೊಂದು ಚೀಲ. ಟ್ರ್ಯಾಕ್ಟರಿನ ಹಿಂದೆ, ಟ್ರೇಲರ್ ಸಿಕ್ಕಿಸಲು ಒಂದು ಹುಕ್ಕು ಇರುತ್ತದಲ್ಲ, ಅದಕ್ಕೆ ಹಾಕುವ ಚೀಲ. ಬೇರೆಯವರ ಟ್ರ್ಯಾಕ್ಟರಿಗೆ ಇರುವುದು ತೂತಿನ ಪಟ್ಟಿ. ಅಜ್ಜ ಮಾತ್ರ ಹಳಿಯಾಳದಲ್ಲಿ ದಪ್ಪನೆಯ ಚೌಕ ಪೈಪು ವೆಲ್ಡಿಂಗ್ ಮಾಡಿಸಿದ್ದರು. ಟ್ರೇಲರಿನ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಕಂಬಿ, ಅದರೊಳಗೆ ಹೋಗಬೇಕು, ಮೇಲಿನಿಂದ ಪಿನ್ನು ಬೀಳಬೇಕು. ಟ್ರೇಲರ್ ಬಿಚ್ಚಿದ ಮೇಲೆ ಅಜ್ಜ ಪಿನ್ನು ತೆಗೆದು ಒರೆಸಿ, ಗ್ರೀಸು ಸವರಿ, ಮನೆಯೊಳಗಿನ ಮೊಳೆಗೆ ತೂಗು ಹಾಕುತ್ತಿದ್ದರು. ಹೊರಗಿಟ್ಟರೆ ಗುಜರಿಗೆ ಹೋದೀತು ಎಂಬ ಭಯ. ಆಮೇಲೆ ಪೈಪಿಗೆ ಈ ಚೀಲ ತೊಡಿಸಿ ದಾರ ಬಿಗಿಯುತ್ತಿದ್ದರು.

"ಬಾಯಿ ತಕ್ಕೊಂಡು ಬಿಡಬಾರ್ದವಾ," ಅನ್ನುತ್ತಿದ್ದರು. "ತುಕ್ಕು ಹಿಡೀತೈತಿ, ಕಣಜ ಗೂಡು ಕಟ್ತಾವ. ಆಮ್ಯಾಲ ಪಿನ್ನ ಹೋಗೂದಿಲ್ಲ."

ಚೀಲ ಹೊಲಿದವಳು ಅಜ್ಜಿ. ಕೌದಿ ಹೊಲಿಯುವ ಹಾಗೆಯೇ, ಅಜ್ಜನ ಖಾಕಿ ಅಂಗಿಯ ತುಂಡು, ಕರಿಷ್ಮಾಳ ಹಳೆಯ ಹಳದಿ ಫ್ರಾಕಿನ ತುಂಡು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿದ್ದಳು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂ, ಅವರ ಮಾತಿನಲ್ಲಿ ಫೂಲ. ಫೂಲ ಇಲ್ಲದ ಕೌದಿ ಬೆತ್ತಲೆ ಎಂದು ಅವರ ಕೇರಿಯ ಹೆಂಗಸರೆಲ್ಲ ಹೇಳುತ್ತಾರೆ. ಕಬ್ಬಿಣಕ್ಕೆ ಹೊದಿಸುವ ಚೀಲಕ್ಕೂ ಅಜ್ಜಿ ಅದನ್ನು ಬಿಟ್ಟಿರಲಿಲ್ಲ.

ಅಜ್ಜ ಸತ್ತ ಮೂರನೆಯ ದಿನ ನೆಂಟರು ಅವರ ಹಾಸಿಗೆ, ಕೌದಿ, ಅಂಗಿ ಎಲ್ಲ ಗಂಟು ಕಟ್ಟಿ ಹೊಳೆಯ ಕಡೆ ಒಯ್ದರು. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದಂತೆ. ಚೀಲವನ್ನೂ ಒಯ್ಯುತ್ತಾರೆಂದು ಕರಿಷ್ಮಾ ಓಡಿ ಹೋಗಿ ಅದನ್ನು ಬಿಚ್ಚಿ ಲಂಗದೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅದಕ್ಕೆ ಗ್ರೀಸಿನ, ಬೀಡಿಯ, ಅಜ್ಜನ ಕೈಯ ವಾಸನೆ ಇತ್ತು.

ಈಗ ಅಜ್ಜ ಬಂದು ಕೇಳುತ್ತಿದ್ದಾರೆ. ಬೇರೆ ಯಾರನ್ನೂ ಅಲ್ಲ, ಅವಳನ್ನೇ ಕೇಳುತ್ತಿದ್ದಾರೆ.

ಕರಿಷ್ಮಾ ಬಾಯಿ ಮುಕ್ಕಳಿಸಿ, ಒಳಗೆ ಹೋಗಿ ಚೀಲ ತಂದಳು.

"ಮುಸ್ಕಾನ, ನನ್ನ ಜೋಡಿ ಬಾ. ಅಲ್ಲೀತನಕ."

"ಎಲ್ಲೀತನಕ?"

"ಟ್ರ್ಯಾಕ್ಟರ್ ಹಿಂದ."

ಮುಸ್ಕಾನ ಒಂದು ಹೆಜ್ಜೆ ಹಿಂದೆ ಸರಿದಳು. "ನಾ ಇಲ್ಲೇ ನಿಂತು ದುವಾ ಮಾಡ್ತೇನಿ. ನೀ ಹೋಗಿ ಬಾ."

ಕರಿಷ್ಮಾ ಒಬ್ಬಳೇ ಹೊರಟಳು. ಹುಲ್ಲಿನ ಮೇಲಿನ ಇಬ್ಬನಿ ಕಾಲಿಗೆ ತಣ್ಣಗೆ ತಾಗಿತು. ಹತ್ತು ಹೆಜ್ಜೆ ಹೋದ ಮೇಲೆ ಹಿಂದೆ ನೋಡಿದಳು. ಮನೆ ಮಂಜಿನಲ್ಲಿ ಮುಚ್ಚಿಹೋಗಿತ್ತು, ಮುಸ್ಕಾನಳೂ ಕಾಣುತ್ತಿರಲಿಲ್ಲ. ಅವಳ ಪಿಸುಪಿಸು ಮಾತ್ರ ಎಲ್ಲಿಂದಲೋ ಬರುತ್ತಿತ್ತು.

ಅಜ್ಜಿ ಇಟ್ಟ ದಮಾಮಿ ದೊಡ್ಡ ಗಾಲಿಯ ಪಕ್ಕದಲ್ಲಿತ್ತು. ಹಲಸಿನ ಮರದಿಂದ ಹನಿಯೊಂದು ಅದರ ಚರ್ಮದ ಮೇಲೆ ಬಿತ್ತು. ದಂ. ಸ್ವಲ್ಪ ಹೊತ್ತಿಗೆ ಇನ್ನೊಂದು. ದಂ.

"ಅಜ್ಜಾ," ಅಂದಳು. "ಅಜ್ಜಾ, ನಾ ಕದ್ದಿಲ್ಲ. ಅವರು ಒಯ್ತಾರಂತ ಇಟ್ಕೊಂಡಿದ್ದೆ. ತಗೋ. ಅಜ್ಜೀನ ಕರಕೊಂಡು ಹೋಗಬ್ಯಾಡ."

"ಹೂಂ..." ಅಂದಿತು ಟ್ರ್ಯಾಕ್ಟರು.

ಕರಿಷ್ಮಾಗೆ ಓಡಬೇಕೆನಿಸಿತು. ಓಡಲಿಲ್ಲ. ಅವಳ ಮುಖದ ಎದುರಿಗೇ ಪೈಪಿನ ಕಪ್ಪು ಬಾಯಿ ತೆರೆದುಕೊಂಡಿತ್ತು. ಕಣ್ಣು ಮುಚ್ಚಿ ಚೀಲ ಮುಂದೆ ಚಾಚಿದಳು. ಬೆರಳಿಗೆ ಕಬ್ಬಿಣ ತಾಗಿತು. ಕಣ್ಣು ಬಿಟ್ಟು ನೋಡಿದರೆ ಬೆರಳು ಕೆಂಪಗಾಗಿತ್ತು.

ರಕ್ತ!

ಅಲ್ಲ. ಉಜ್ಜಿದರೆ ಪುಡಿ ಪುಡಿಯಾಗಿ ಉದುರಿತು. ತುಕ್ಕು. ಅಜ್ಜ ಹೇಳಿದ ಹಾಗೆಯೇ ತುಕ್ಕು ಹಿಡಿದಿತ್ತು. ಆಗ ಅವಳ ಅಂಗೈಗೆ ಇನ್ನೊಂದು ಗೊತ್ತಾಯಿತು. ಪೈಪಿನ ಬಾಯಿಯ ಹತ್ತಿರ ತಣ್ಣಗೆ ಉಸಿರು ಆಡುತ್ತಿತ್ತು. ಹಲಸಿನ ಎಲೆಗಳು ಸರಸರ ಎಂದಾಗ ಉಸಿರು ಜೋರಾಗುತ್ತಿತ್ತು.

"ಹೂಂ..."

ಕರಿಷ್ಮಾ ಅಂಗೈಯಿಂದ ಪೈಪಿನ ಬಾಯಿ ಮುಚ್ಚಿದಳು. ದನಿ ಅರ್ಧಕ್ಕೇ ನಿಂತಿತು. ಕೈ ತೆಗೆದಳು. "ಹೂಂ..." ಮುಚ್ಚಿದಳು. ಇಲ್ಲ. ತೆಗೆದಳು. "ಹೂಂ..."

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುತ್ತದಲ್ಲ, ಅದೇ ದನಿ. ಶಾಲೆಯಲ್ಲಿ ದಿನಾ ವಾಟರ್ ಬಾಟಲಿ ಊದಿ ಬೈಸಿಕೊಳ್ಳುವವಳಿಗೆ ನಾಲ್ಕು ದಿನ ಇದು ಹೊಳೆದಿರಲಿಲ್ಲ. ನಗು ಬರಬೇಕಿತ್ತು. ಆದರೆ ಹೆದರಿಕೆ ಹೋದ ಜಾಗದಲ್ಲಿ ಅಳು ಬಂತು. ಹಾಗಾದರೆ ಅಜ್ಜ ಬಂದೇ ಇಲ್ಲ. ಏನನ್ನೂ ಕೇಳಿಲ್ಲ.

ಮೂಗು ಒರೆಸಿಕೊಂಡು ಚೀಲ ತೊಡಿಸಿದಳು. ಅಜ್ಜ ಕಟ್ಟುತ್ತಿದ್ದ ಹಾಗೆ ದಾರವನ್ನು ಎರಡು ಸುತ್ತು ಸುತ್ತಿ ಬಿಗಿದಳು. ಹಿತ್ತಲು ಗಪ್‌ಚುಪ್ ಆಯಿತು.

"ಸುಮ್ಮನಾದನ?"

ಅಜ್ಜಿ ಹಿಂದೆ ನಿಂತಿದ್ದಳು. ಒಂದು ಕೈಯಲ್ಲಿ ಕರಿ ಚಹಾ, ಇನ್ನೊಂದು ಕೈ ಗಾಲಿಯ ಮೇಲೆ ಊರಿತ್ತು.

"ಏನ್ ಬೇಕಾಗಿತ್ತಂತ ಅಂವಗ?"

ಕರಿಷ್ಮಾ ಬಾಯಿ ತೆರೆದಳು. ಗಾಳಿ ಅಜ್ಜಿ, ಬರೇ ಗಾಳಿ ಅನ್ನಬೇಕಿತ್ತು. ಅಜ್ಜಿಯ ಕೆನ್ನೆಗಳು ಒಳಗೆ ಹೋಗಿದ್ದವು. ಲೋಟದ ಚಹಾ ತುಳುಕಿ ಬೆರಳ ಮೇಲೆ ಇಳಿಯುತ್ತಿತ್ತು.

"ಚೀಲ," ಅಂದಳು. "ನಾ ಮುಚ್ಚಿಟ್ಟಿದ್ದೆ, ಅಜ್ಜಿ. ಬೈಬ್ಯಾಡ."

ಅಜ್ಜಿ ಬಗ್ಗಿ ಚೀಲವನ್ನು ಮುಟ್ಟಿದಳು. ಖಾಕಿ ತುಂಡಿನ ಮೇಲೆ, ಹಳದಿ ತುಂಡಿನ ಮೇಲೆ ಬೆರಳಾಡಿಸಿದಳು. ಮುಖ ಹತ್ತಿರ ತಂದು ಮೂಸಿದಳು.

"ಇನ್ನೂ ವಾಸನಿ ಐತಿ," ಅಂದಳು. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು. "ಒಂದು ಫೂಲ ಕಿತ್ತೈತಿ ನೋಡು. ಹೊಲೀಬೇಕು. ಕಣ್ಣಿಗೆ ಕತ್ತಲಿ ಬರಾಕತ್ತೈತಿ. ಮೊದಲ ಒಂದೀಟು ಗಂಜಿ ಕುಡೀತೇನಿ. ನಿಮ್ಮ ಅವ್ವಗ ಹೇಳು."

ಕರಿಷ್ಮಾ ಓಡಿದಳು. ಬೇಲಿಯ ಹತ್ತಿರ ಮುಸ್ಕಾನ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು.

ಬೆಳಿಗ್ಗೆ ಗಂಜಿ, ಸಂಜೆ ಅನ್ನ. ಅಜ್ಜಿ ಉಂಡಳು. ಮರುದಿನ ಪಪ್ಪ ಟ್ರೇಲರ್ ಸಿಕ್ಕಿಸಲು ಬಂದ. ಚೀಲ ಬಿಚ್ಚಿದ ಕೂಡಲೇ ಗಾಳಿ ಬೀಸಿತು. "ಹೂಂ!" ಕರಡಿಗೆ ಹೆದರದ ಪಪ್ಪ ಎರಡು ಮಾರು ಹಿಂದಕ್ಕೆ ಹಾರಿದ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ ಕೆಮ್ಮಿದ. ಮೂಕಿ ಪೈಪಿನೊಳಗೆ ಹೋಯಿತು, ಪಿನ್ನು ಟಣ್ ಎಂದು ಬಿತ್ತು, ದನಿ ನಿಂತಿತು. ಮೆಟ್ಟಿಲ ಮೇಲೆ ಸೂಜಿ ಹಿಡಿದು ಕುಳಿತ ಅಜ್ಜಿ ಎಲ್ಲವನ್ನೂ ನೋಡಿದಳು. ಆಮೇಲೆ ತಲೆಯೆತ್ತಿ, ಅಲುಗುತ್ತಿದ್ದ ಹಲಸಿನ ಎಲೆಗಳನ್ನು ನೋಡಿದಳು. ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಅಂದಿನಿಂದ ಹುಕ್ಕಿನ ಕೆಲಸ ಕರಿಷ್ಮಾಳದ್ದು. ಸಂಜೆ ಪಪ್ಪ ಟ್ರೇಲರನ್ನು ಕಣದಲ್ಲಿ ಬಿಟ್ಟು ಬರುತ್ತಾನೆ. ಅವಳು ಅವನ ಕೈಯಿಂದ ಪಿನ್ನು ತೆಗೆದುಕೊಂಡು ಒರೆಸುತ್ತಾಳೆ, ಗ್ರೀಸು ಸವರುತ್ತಾಳೆ, ಅಜ್ಜನ ಫೋಟೋದ ಪಕ್ಕದ ಮೊಳೆಗೆ ತೂಗು ಹಾಕುತ್ತಾಳೆ. ಚೀಲ ತೊಡಿಸುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಮೂರು ಹೂಂ ಆಗುವವರೆಗೆ. ಅಷ್ಟು ಹೊತ್ತು ಒಳಗೆ ಅಜ್ಜಿ ಅಕ್ಕಿ ಕೇರುವ ಮೊರದ ಸದ್ದೂ ನಿಂತಿರುತ್ತದೆ. ಅಜ್ಜಿಗೆ ಸಮಾಧಾನವಾಗಲಿ, ಅದು ಬರೇ ಗಾಳಿಯೆಂದು ಅವಳಿಗೆ ಗೊತ್ತಾಗುವುದು ಬೇಡ ಎಂದು ಕರಿಷ್ಮಾ ಹೀಗೆ ಮಾಡುತ್ತಿದ್ದಳು.

ಭತ್ತ ಸಾಗಿಸಿ ಮುಗಿದ ದಿನದ ಸಂಜೆ ಗಾಳಿಯೇ ಇರಲಿಲ್ಲ. ಒಂದು ಎಲೆಯೂ ಅಲುಗಲಿಲ್ಲ. ಕರಿಷ್ಮಾ ಚೀಲ ಹಿಡಿದು ಕಾದಳು. ಹಿತ್ತಲಿನಲ್ಲಿ ಮಬ್ಬು ಕವಿಯಿತು. ಹುಕ್ಕು ಬಾಯಿ ತೆರೆದುಕೊಂಡು ಸುಮ್ಮನಿತ್ತು. ಒಳಗೆ ಮೊರವೂ ನಿಂತಿತ್ತು. ಅಜ್ಜಿ ಕಾಯುತ್ತಿದ್ದಾಳೆ. ಈಗೇನು ಮಾಡುವುದು?

"ಹೂಂ..."

ಅವಳು ತಲೆಯೆತ್ತಿ ಎಲೆಗಳನ್ನು ನೋಡಿದಳು. ಗಾಳಿಯಿಲ್ಲ. ಪೈಪಿಗೆ ಅಂಗೈ ಹಿಡಿದಳು. ಉಸಿರೂ ಇಲ್ಲ.

"ಹೂಂ... ಹೂಂ..."

ದನಿ ಟ್ರ್ಯಾಕ್ಟರಿನಿಂದ ಬಂದದ್ದಲ್ಲ. ಅಡುಗೆ ಮನೆಯ ಕಿಟಕಿಯಿಂದ ಬಂದದ್ದು. ಮುದಿ ದನಿ, ಸ್ವಲ್ಪ ನಡುಗುವ ದನಿ. ಮೂರಕ್ಕೆ ಸರಿಯಾಗಿ ನಿಂತಿತು.

ಕರಿಷ್ಮಾ ಕಿಟಕಿಯನ್ನೇ ನೋಡುತ್ತ ನಿಂತಳು. ಅಜ್ಜಿಗೆ ಗೊತ್ತಿತ್ತು. ಎಷ್ಟು ದಿನದಿಂದಲೋ. ಕರಿಷ್ಮಾ ಅಜ್ಜಿಗಾಗಿ ಇಲ್ಲಿ ನಿಲ್ಲುತ್ತಿದ್ದಳು. ಅಜ್ಜಿ ಅವಳಿಗಾಗಿ ಅಲ್ಲಿ ಮೊರ ನಿಲ್ಲಿಸುತ್ತಿದ್ದಳು.

ಅವಳು ಚೀಲ ತೊಡಿಸಿ, ದಾರವನ್ನು ಎರಡು ಸುತ್ತು ಸುತ್ತಿ ಬಿಗಿದಳು. ಅಜ್ಜಿ ಹೊಸದಾಗಿ ಹೊಲಿದ ಫೂಲವನ್ನು ನೆಟ್ಟಗೆ ಮಾಡಿದಳು. ಒಳಗೆ ಮೊರದ ಸದ್ದು ಮತ್ತೆ ಶುರುವಾಯಿತು.

"ಬಂದೆ, ಅಜ್ಜಿ," ಎಂದು ಕೂಗಿ ಕರಿಷ್ಮಾ ಪಿನ್ನು ಹಿಡಿದುಕೊಂಡು ಒಳಗೆ ಹೋದಳು.