ಮೂಗಿನ ಪರೀಕ್ಷೆ

ಶಾಲೆಯಲ್ಲಿಟ್ಟಿದ್ದ ವೃತ್ತಿಸೂಚಕ ಯಂತ್ರದ ಕೊಳವೆ ರೂಪಶ್ರೀಯ ಮೂಗಿನ ಹತ್ತಿರ ಬಂದು ಒಂದೊಂದೇ ವಾಸನೆಯನ್ನು ಬಿಟ್ಟಿತು. ಮೊದಲು ಸ್ಪಿರಿಟ್, ಆಮೇಲೆ ಹೊಸ ಕಾಗದ, ಕಾದ ಕಬ್ಬಿಣ, ದನದ ಕೊಟ್ಟಿಗೆ. ಮಣಿಕಟ್ಟಿನ ಪಟ್ಟಿ ನಾಡಿಯನ್ನು ಎಣಿಸುತ್ತಿತ್ತು. ಮೂವತ್ತೊಂದನೆಯದು ಚರಂಡಿಯ ವಾಸನೆ. ಅವಳಿಗಿಂತ ಮುಂಚೆ ಕುಳಿತಿದ್ದವನು ಅದಕ್ಕೆ ಕುರ್ಚಿ ಬಿಟ್ಟೇ ಎದ್ದಿದ್ದ. ರೂಪಶ್ರೀಯ ನಾಡಿ ಕದಲಲಿಲ್ಲ. ಹತ್ತನೇ ತರಗತಿಯಲ್ಲಿ ತೊಂಬತ್ತಮೂರು ಪರ್ಸೆಂಟ್ ತೆಗೆದು, ಔಷಧ ತಯಾರಿಕೆ ಓದಬೇಕೆಂದು ಹಟ ಹಿಡಿದಿದ್ದ ಹುಡುಗಿಯ ಕೈಗೆ ಯಂತ್ರ ಚೀಟಿ ಕೊಟ್ಟಿತು: ಒಳಚರಂಡಿ ನಿರ್ವಹಣೆ.

ಆ ಕಾಲದಲ್ಲಿ, ಮಕ್ಕಳು ಮುಂದೇನು ಓದಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾವ ವಾಸನೆಯಲ್ಲಿ, ಯಾವ ಸದ್ದಿನಲ್ಲಿ ದೇಹ ನಿರಾಳವಾಗಿರುತ್ತದೋ ಆ ಕೆಲಸದಲ್ಲೇ ಮನುಷ್ಯ ಸುಖವಾಗಿರುತ್ತಾನೆ ಎಂಬುದು ಸಿದ್ಧಾಂತ. ಅದಕ್ಕೆ ನಾಡಿಸಾಮ್ಯ ಎಂದು ಹೆಸರು. ಚೀಟಿಯಲ್ಲಿ ಬಂದ ಕೋರ್ಸಿಗೆ ಮಾತ್ರ ಸೀಟು. ಯಂತ್ರ ಹೇಳಿದ್ದು ನೂರಕ್ಕೆ ತೊಂಬತ್ತಾರು ಸಲ ನಿಜವಾಗುತ್ತದೆ ಎಂದು ಇಲಾಖೆ ಬೀಗುತ್ತಿತ್ತು. ಉಳಿದ ಬಾಗಿಲನ್ನೆಲ್ಲ ಮುಚ್ಚಿದ ಮೇಲೆ ಮಕ್ಕಳು ಇನ್ನೆಲ್ಲಿಗೆ ಹೋಗುತ್ತಾರೆ ಎಂದು ಕೇಳುವಷ್ಟು ಬುದ್ಧಿ ಯಾರಿಗೂ ಇರಲಿಲ್ಲ.

ಮರುದಿನ ರೂಪಶ್ರೀಯ ತಾಯಿ ಓಬಳಮ್ಮ ಶಾಲೆಗೆ ಬಂದಳು. ಚರಂಡಿಯಲ್ಲಿ ರೋಬೋಟುಗಳು ಸಿಕ್ಕಿಬಿದ್ದಾಗ ಇಳಿದು ಬಿಡಿಸುವುದು ಅವಳ ಕೆಲಸ. ಅಂಥದೇ ಗುಂಡಿಯಲ್ಲಿ ಗಂಡ ಉಸಿರುಗಟ್ಟಿ ಸತ್ತಿದ್ದ. ಯಂತ್ರವನ್ನು ರೂಪಿಸಿದ ಡಾ. ಶ್ರೀವತ್ಸ ಅಂದು ಅಲ್ಲೇ ಇದ್ದರು.

"ಇಷ್ಟು ಓದಿರೋ ಮಗೀಗೆ ಮೋರಿ ಕೆಲ್ಸ ಹೆಂಗ್ ಬಂತು ಸಾರ್? ನಾವು ಯಾವ ಜನ ಅಂತ ನೋಡಿ ಬರ್ದೈತಾ ನಿಮ್ ಮಿಷಿನ್ನು?"

"ಇಲ್ಲಮ್ಮ. ಅದಕ್ಕೆ ಜಾತಿ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಅದನ್ನೆಲ್ಲ ನಾನೇ ತೆಗೆದು ಹಾಕಿದ್ದೇನೆ." ಶ್ರೀವತ್ಸ ಸುಳ್ಳು ಹೇಳುವವರಲ್ಲ. ಪರದೆಯ ಮೇಲಿನ ರೂಪಶ್ರೀಯ ನಾಡಿಯ ಗೆರೆಗಳನ್ನು ನೋಡುತ್ತ ಕೇಳಿದರು, "ಇವಳು ಚಿಕ್ಕವಳಿದ್ದಾಗ ಕೆಲಸದಿಂದ ಬಂದು ಎತ್ತಿಕೊಳ್ತಿದ್ರಾ?"

"ಹೆತ್ತೋಳು ಎತ್ಕಳ್ದೆ ಇರ್ತೀನಾ? ಬಾಗ್ಲಿಗೇ ಓಡ್ಬರೋಳು. ಸೀರೆ ಹಿಡ್ಕಂಡೇ ಮಲಗೋಳು."

"ಹಾಗಾಗಿ ಮೂಗು ಒಗ್ಗಿಹೋಗಿದೆ. ಯಂತ್ರ ಅಳೆದದ್ದು ಅದನ್ನೇ."

ಹೇಳಿದ ಮೇಲೆ ಶ್ರೀವತ್ಸರಿಗೇ ಅದು ಹೊಳೆಯಿತು. ತಾವು ಬಾಗಿಲಲ್ಲಿ ತಡೆದ ಜಾತಿ ತಾಯಿಯ ಸೆರಗಿನಲ್ಲಿ ಒಳಗೆ ಬಂದಿತ್ತು. ಇಲಾಖೆಗೆ ಪತ್ರ ಬರೆದರು. ತೊಂಬತ್ತಾರು ಪರ್ಸೆಂಟ್ ಇರುವ ಯಂತ್ರವನ್ನು ತಿದ್ದುವ ಅಗತ್ಯವಿಲ್ಲ ಎಂದು ಉತ್ತರ ಬಂತು. ರೂಪಶ್ರೀ ಹಳದಿ ಸಮವಸ್ತ್ರ ತೊಟ್ಟು ತರಬೇತಿಗೆ ಹೋದಳು.

ಓಬಳಮ್ಮನಿಗೆ ಇನ್ನೊಬ್ಬ ಮಗಳಿದ್ದಳು, ಎಂಟನೇ ತರಗತಿಯ ಹಂಸ. ಶ್ರೀವತ್ಸ ಹೇಳಿದ್ದು ಬರೀ ಕಾರಣ. ಓಬಳಮ್ಮ ಅದನ್ನು ಪಥ್ಯವೆಂದು ತಿಳಿದಳು. ಅಂದಿನಿಂದ ಮನೆಯ ಒಂದೇ ಕೋಣೆ ಹಂಸಳದಾಯಿತು. ಚರಂಡಿಯ ವಾಸನೆ ಅವಳಿಗೆ ಸೋಕಬಾರದೆಂದು ತಾಯಿ, ಅಕ್ಕ ಇಬ್ಬರೂ ಹೊರಗಿನ ತಗಡಿನ ಚಪ್ಪರಕ್ಕೆ ಹೋದರು. ಅಡುಗೆಗೆ ಪಕ್ಕದ ಮನೆಯವಳು ಬರುತ್ತಿದ್ದಳು. ಜ್ವರ ಬಂದು ಹಂಸ ಮೂರು ದಿನ ನರಳಿದಾಗಲೂ ಓಬಳಮ್ಮ ಹೊಸ್ತಿಲು ದಾಟಲಿಲ್ಲ.

"ಅಮ್ಮಾ, ಒಂದ್ಸಲ ಬಂದು ಹಣೆ ಮುಟ್ಟು" ಎಂದು ಹುಡುಗಿ ಅತ್ತಳು.

"ಪರೀಕ್ಷೆ ಆಗೋಗ್ಲಿ ಕಣವ್ವ" ಎನ್ನುತ್ತ ಓಬಳಮ್ಮ ಹೊರಗೆ ಕೂತು ಅತ್ತಳು. ಯಾವ ಮೇಲ್ಜಾತಿಯವರೂ ಅವಳನ್ನು ಅಷ್ಟು ಕಟ್ಟುನಿಟ್ಟಾಗಿ ದೂರ ಇಟ್ಟಿರಲಿಲ್ಲ.

ಎರಡು ವರ್ಷದ ಮೇಲೆ ಹಂಸಳ ಸರದಿ ಬಂತು. ಮೂವತ್ತೊಂದನೆಯ ವಾಸನೆಗೆ ಅವಳ ನಾಡಿ ಹಾರಿತು, ಕೊಳವೆಯನ್ನು ದೂರ ತಳ್ಳಿದಳು. ಚೀಟಿಯಲ್ಲಿ ಔಷಧ ತಯಾರಿಕೆ ಎಂದಿತ್ತು. ಶ್ರೀವತ್ಸ ತಾವೇ ಹೊರಗೆ ಬಂದು ಗೇಟಿನ ಬಳಿ ಕಾಯುತ್ತಿದ್ದ ತಾಯಿಗೆ ಸುದ್ದಿ ಹೇಳಿದರು.

ಓಬಳಮ್ಮ ಕೆಲಸದಿಂದ ನೆಟ್ಟಗೆ ಬಂದಿದ್ದಳು. ಬಟ್ಟೆ ಬದಲಿಸಬೇಕೆಂಬ ನೆನಪೂ ಆಗದೆ ಎರಡು ಕೈ ಚಾಚಿಕೊಂಡು ಓಡಿದಳು. ಹಂಸಳೂ ಓಡಿಬಂದಳು. ಇನ್ನು ಒಂದು ಮಾರು ದೂರವಿರುವಾಗ ಮಗಳ ಕಾಲು ನಿಂತುಹೋಯಿತು. ಕೈ ತಾನಾಗಿ ಮೂಗಿಗೆ ಹೋಯಿತು. ಕೈ ತೆಗೆಯಬೇಕೆಂದು ಒದ್ದಾಡಿದಳು, ಆಗಲಿಲ್ಲ. ಗೋಡೆ ಹಿಡಿದು ವಾಂತಿ ಮಾಡಿಕೊಂಡಳು.

ಓಬಳಮ್ಮ ಚಾಚಿದ ಕೈಗಳನ್ನು ಕೆಳಗಿಳಿಸಿದಳು.

"ಅಳ್ಬೇಡ ಬಿಡವ್ವ, ಅದ್ಕೇ ತಾನೆ ನೀನು ಪಾಸಾಗಿದ್ದು" ಎಂದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು.