ಮೂರನೇ ಸಾಲಿನ ಗುಲಾಮ

“ಆ ಮೂರನೇ ಸಾಲಿನವನ ಮುಖ ಮಾತ್ರ ಬರೀಬೇಡಪ್ಪ. ಬೆನ್ನು ತಿರುಗಿಸಿ ನಿಲ್ಲಿಸ್ಬಿಡು,” ಎಂದಳು ಇರ್ಮಾ.

ಕಾಮಿಕ್ಸ್ ಪುಟಗಳಿಗೆ ಮಾತಿನ ಅಕ್ಷರ ಬರೆಯುತ್ತ, ನ್ಯೂಯಾರ್ಕಿನ ಆ ಐದನೇ ಮಹಡಿಯ ಚಿತ್ರಶಾಲೆಯಲ್ಲೇ ತಲೆ ನರೆಸಿಕೊಂಡವಳು ಅವಳು. ಆಲ್ವಿನ್ ಪ್ರುಯಿಟ್ ಚಿತ್ರಗಾರನಾಗಿ ಸೇರಿ ವಾರವಾಗಿತ್ತಷ್ಟೇ. ಹಾಲಿವುಡ್ಡಿನ ಹೊಸ ಮಹಾಚಿತ್ರವೊಂದರ ಫೋಟೋಗಳು ಪೆಟ್ಟಿಗೆ ತುಂಬ ಬಂದಿದ್ದವು; ಚಿತ್ರ ತೆರೆಗೆ ಬರುವಷ್ಟರಲ್ಲಿ ಅದರ ಕಾಮಿಕ್ಸು ಅಂಗಡಿಯಲ್ಲಿರಬೇಕು. ಸತ್ತ ರಾಜನ ಜೊತೆ ಗುಲಾಮರನ್ನೂ ಜೀವಂತವಾಗಿ ಗೋರಿಗೆ ತುಂಬಿ ಕಲ್ಲು ಮುಚ್ಚುವ ದೃಶ್ಯ ಆಲ್ವಿನ್‌ನ ಪಾಲಿಗೆ ಬಂದಿತ್ತು.

ಇರ್ಮಾ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದಳು. ಚಿತ್ರೀಕರಣದ ದಿನ ಆ ಗೋರಿಯ ಗೋಡೆ ನಿಜವಾಗಿಯೂ ಕುಸಿದು, ಮೂರನೇ ಸಾಲಿನಲ್ಲಿ ಗುಲಾಮನಾಗಿ ನಿಂತಿದ್ದ ನಟ ಉಸಿರುಗಟ್ಟಿ ಸತ್ತಿದ್ದ. ಕಂಪನಿಯವರು ಆ ದೃಶ್ಯವನ್ನು ಹಾಗೆಯೇ ಇಟ್ಟುಕೊಂಡರು. ಅವನ ತಾಯಿ ಮಗನ ಕೂದಲನ್ನು ಕುಸಿದ ಗೋಡೆಯ ಮಣ್ಣಿನಲ್ಲಿ ಕಲಸಿ ಮಾಟ ಮಾಡಿಸಿದಳಂತೆ: ನನ್ನ ಮಗನ ಸಾಯುವ ಮುಖ ಬರೆದವನು ಅವನ ಜಾಗದಲ್ಲೇ ನಿಲ್ಲಲಿ, ಇಲ್ಲವೇ ಅಲ್ಲಿ ಇನ್ನೊಬ್ಬರ ಮುಖ ಬರೆದುಕೊಟ್ಟು ಬಿಡಿಸಿಕೊಳ್ಳಲಿ.

“ಶಾಪ ಅಂಚೇಲಿ ಬರುತ್ತಾ ಅಮ್ಮಾ? ಸ್ಟಾಂಪ್ ಎಷ್ಟು ಹಚ್ಚಿದ್ರಂತೆ?” ಆಲ್ವಿನ್ ನಕ್ಕ.

ಇರ್ಮಾ ಕೋಟು ತೆಗೆದುಕೊಂಡು ಊಟಕ್ಕೆ ಇಳಿದುಹೋದಳು. ಉಳಿದವರೂ ಹೋದರು.

ಕಿಟಕಿ ತುಂಬ ನಡುಹಗಲಿನ ಬಿಸಿಲು. ಹಟಕ್ಕೇ ಅವನು ಆ ಮುಖದಿಂದ ಶುರುಮಾಡಿದ. ತೆರೆದ ಬಾಯಿ, ಮೇಲೆ ನೆಟ್ಟ ಕಣ್ಣು. ಕೊನೆಯ ಗೆರೆ ಎಳೆಯುವಾಗ ಇಂಡಿಯನ್ ಇಂಕಿನ ವಾಸನೆ ಸತ್ತು ಹಸಿಮಣ್ಣಿನ ವಾಸನೆ ಎದ್ದಿತು. ಕೆಳಗಿನ ಟ್ಯಾಕ್ಸಿಗಳ ಹಾರ್ನ್ ಸದ್ದು ಒಮ್ಮೆಲೇ ನಿಂತಿತು. ಎಲ್ಲೋ ಕಲ್ಲಿನ ಮೇಲೆ ಕಲ್ಲು ಜರುಗಿತು.

ತಲೆ ಎತ್ತಿದ. ಕಿಟಕಿ ಇರಲಿಲ್ಲ.

ಬಾಗಿಲಿನತ್ತ ಓಡಿದ. ಅಂಗೈಗೆ ತಾಗಿದ್ದು ತಣ್ಣನೆಯ ಕಲ್ಲು. ಎಡಕ್ಕೆ ಕಲ್ಲು. ಬಲಕ್ಕೂ ಕಲ್ಲು. ಕತ್ತಲಲ್ಲಿ ಯಾರೋ ಉಸಿರೆಳೆಯುತ್ತಿದ್ದರು. ಅವರು ಎಳೆದಷ್ಟೂ ಅವನ ಎದೆಯ ಗಾಳಿ ತೀರುತ್ತಿತ್ತು. ಕೂಗಿದ. ಕೂಗು ಗೋಡೆಗೆ ಬಡಿದು ಅವನ ಬಾಯಿಗೇ ಬಂತು.

ತಡಕುತ್ತ ಮೇಜಿಗೆ ಬಂದ. ಬ್ಲೇಡಿನಿಂದ ಆ ಮುಖವನ್ನು ಕೆರೆದು ತೆಗೆದ. ಇನ್ನೊಂದು ಮುಖ ಬೇಕು. ಕಣ್ಣು ಕಾಣದೆಯೂ ಅವನ ಕೈ ಬರೆಯಬಲ್ಲ ಮುಖ ಲೋಕದಲ್ಲಿ ಒಂದೇ ಇತ್ತು. ಅದು ಹೆಂಡತಿ ಲೋರ್ನಾಳದು. ಮನಸ್ಸು ಬೇಡ ಎಂದಿತು. ಎದೆ ಒಡೆಯುತ್ತಿತ್ತು. ಬರೆದ.

ಬಿಸಿಲು ಬಿತ್ತು. ಹಾರ್ನ್ ಸದ್ದು ಕೇಳಿಸಿತು.

ಅವಳ ಮುಖವನ್ನು ಅಳಿಸಲು ಕೆರೆದ. ಕಾಗದ ಹರಿಯಿತೇ ಹೊರತು ಮುಖ ಹೋಗಲಿಲ್ಲ. ಮೆಟ್ಟಿಲಲ್ಲಿ ಇರ್ಮಾಳನ್ನು ದೂಡಿಕೊಂಡೇ ಓಡಿದ. ಟ್ಯಾಕ್ಸಿ ಹಿಡಿದು ಕ್ವೀನ್ಸಿನ ತನ್ನ ಮನೆ ಮುಟ್ಟಿದ.

ಮನೆಯ ಬಾಗಿಲು ಹಾರುಹೊಡೆದಿತ್ತು. ಒಲೆಯ ಮೇಲೆ ಸೂಪು ಸೀದು ಹೊಗೆಯಾಡುತ್ತಿತ್ತು. ಅಡುಗೆಮನೆಯ ನಟ್ಟನಡುವೆ ಲೋರ್ನಾ ನಿಂತಿದ್ದಳು. ಕಣ್ಣು ತೆರೆದೇ ಇತ್ತು. ಎರಡೂ ಅಂಗೈಗಳಿಂದ ಬರಿಯ ಗಾಳಿಯನ್ನು ಗೇಣುಗೇಣಾಗಿ ಸವರುತ್ತಿದ್ದಳು.

“ಲೋರ್ನಾ,” ಎಂದ.

ಅವಳು ದನಿ ಬಂದ ಕಡೆಗೆ ತಿರುಗಲಿಲ್ಲ. ಏದುಸಿರಿನ ನಡುವೆ ತನ್ನಷ್ಟಕ್ಕೆ ಕೇಳಿಕೊಂಡಳು, “ಬಾಗ್ಲು ಇಲ್ಲೇ ಇತ್ತಲ್ಲಾ... ಎಲ್ಲಿ ಹೋಯ್ತು?”