ಯೋರಿಸನ ಕೊನೆಯ ಪೆಟ್ಟಿಗೆ

ನನ್ನ ಗಂಡ ಯೋರಿಸ್ ತೀರಿಕೊಂಡ ಎಂಟನೆಯ ತಿಂಗಳು, ಅವನ ವಿನೈಲ್ ಬೊಂಬೆಗಳನ್ನೆಲ್ಲ ಬೆಲ್ಜಿಯಂ ಕಡಲತೀರದ ಊರು ಓಸ್ಟೆಂಡಿನ ಸಂಗ್ರಾಹಕರ ಕೂಟಕ್ಕೆ ಕೊಟ್ಟುಬಿಡಲು ಒಯ್ದೆ. ಎಲ್ಲವೂ ಟೀವಿ ಧಾರಾವಾಹಿಯೊಂದರ ಒಂದೇ ಪಾತ್ರ: ಸತ್ತ ಮೇಲೂ ಪಾಳಿ ಬಿಡದ ದೀಪಗೋಪುರದ ಕಾವಲುಗಾರ. ಮನೆಯಲ್ಲಿ ಆ ಮುಖಗಳನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರದ ಮಧ್ಯಾಹ್ನ. ಕೊನೆಯ ಪೆಟ್ಟಿಗೆ ನನ್ನ ಕೈಯಲ್ಲಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಮಡಿಲಿನಿಂದ ಇಳಿಸಿದ ಹಾಗೆ. ಏನೂ ಯೋಚಿಸದೆ ಮುದ್ರೆ ಹರಿದು ತೆರೆದೆ. ಕೂಟದ ಸಭಾಂಗಣದಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು; ಮುದ್ರೆ ಒಡೆದರೆ ಬೊಂಬೆಯ ಬೆಲೆಯೇ ಹೋಯಿತೆಂಬುದು ಅವರ ಲೆಕ್ಕ.

"ತೆರೆದೇಬಿಟ್ಯಾ ಮಾರಾಯ್ತಿ?" ಎಂದಳು ಕೂಟದ ಹಿರಿಯಳು ಹೋಡೆಲೀವ್. "ಹನ್ನೊಂದು ವರ್ಷದಿಂದ ನಾನು ಒಂದನ್ನೂ ತೆರೆದಿಲ್ಲ. ಗಂಡನಿಗಿಂತ ಜೋಪಾನವಾಗಿ ನೋಡ್ಕೊಂಡಿದೀನಿ."

"ಅದಕ್ಕೇ ಅವನು ಓಡಿಹೋಗಿದ್ದು," ಎಂದ ಪಕ್ಕದ ಮೇಜಿನ ವಾರ್ಡ್.

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಂಟು ತಿಂಗಳಲ್ಲಿ ಮೊದಲ ಬಾರಿಗೆ. ಹೋಡೆಲೀವ್ ತನ್ನದೊಂದು ಪೆಟ್ಟಿಗೆಯನ್ನೂ ಹರಿದಳು. ಆಮೇಲೆ ಎಲ್ಲರೂ ಉಡುಗೊರೆ ಸಿಗುವ ಸಿಂಟರ್‌ಕ್ಲಾಸ್ ಹಬ್ಬದ ಬೆಳಗಿನ ಮಕ್ಕಳಂತೆ ತಮ್ಮ ತಮ್ಮ ಪೆಟ್ಟಿಗೆಗಳನ್ನು ಹರಿಯತೊಡಗಿದರು.

ನನ್ನ ಬೊಂಬೆಯ ಬೂಟುಗಳಿಂದ ಮಾತ್ರ ಒದ್ದೆ ಮರಳು ಮೇಜಿನ ಮೇಲೆ ಉದುರಿತು. ವಾರ್ಡ್ ಬೆರಳಲ್ಲಿ ಮುಟ್ಟಿ ನೋಡಿದ. "ಕಾರ್ಖಾನೆ ಮುದ್ರೆ ನೀನು ಈಗ ತಾನೆ ಕಿತ್ತಿದ್ದು. ನಾನೇ ನೋಡ್ದೆ. ಮರಳು ಒಳಗೆ ಹೇಗೆ ಹೋಯ್ತು?"

"ತೆರೆದದ್ದನ್ನ ಕೂಟ ತಗೊಳ್ಳಲ್ಲ ಕಣೆ, ನಿಯಮ ನಿಯಮವೇ," ಎಂದಳು ಹೋಡೆಲೀವ್, ಹರಿದ ರಟ್ಟಿನ ನಡುವೆ ನಿಂತು. "ಇವನು ನಿನ್ನ ಜೊತೆಗೇ ಬರ್ತಾನೆ."

ಅದು ನಡೆದದ್ದು ಮಾರ್ಚ್‌ನಲ್ಲಿ, ತಿಂಗಳುಗಳೇ ಕಳೆದವು. ಅವನೀಗ ಅಡುಗೆಮನೆಯ ಕಿಟಕಿಯಲ್ಲಿದ್ದಾನೆ. ದಿನವೂ ಒರೆಸುತ್ತೇನೆ; ಆದರೂ ಇವತ್ತು ಬೆಳಿಗ್ಗೆ ಅವನ ಕಾಲಡಿಯಿಂದ ಒರೆಸಿ ತೆಗೆದ ಮರಳು ಎರಡು ಚಮಚದಷ್ಟಿತ್ತು.